ತೊರೆಯು ಬರಿದಲ್ಲ

ನಮ್ಮ ಕಡೆಯ ವಿದ್ಯಾವಂತರಲ್ಲಿ ಕೆಲವರು ಉದಕಮಂಡಲಕ್ಕೋ ಕಾಶ್ಮೀರಕ್ಕೋ ಹೋಗಿಬಂದು, ಅಲ್ಲಿಯ ಬೆಟ್ಟದ ತೊರೆಗಳಲ್ಲಿ ಟ್ರೌಟ್ ಎಂಬ ಮೀನನ್ನು ಕೃತಕವಾದ ನೊಣದ ಗಾಳದಿಂದ ಹಿಡಿಯುವ ವಿನೋದವನ್ನು ಕಂಡು ಮೆಚ್ಚಿ, ‘ನಮ್ಮ ಘಟ್ಟದ ತೊರೆಗಳು ಬರಿದೆ ಹರಿದುಹೋಗುತ್ತಿವೆಯಲ್ಲ! ಅಲ್ಲಿಯೂ ಈ ಮೀನನ್ನು ತಂದು ಬಿಟ್ಟರೆ ಯಾತ್ರಿಕರು ಬಂದಾರು, ಊರಿಗೆ ನಾಲ್ಕು ಕಾಸು ಹುಟ್ಟೀತು’ ಎಂದು ಹೇಳುವುದುಂಟು. ಈ ಮಾತು ಹಿತಬುದ್ಧಿಯಿಂದ ಹುಟ್ಟಿದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹಿತಬುದ್ಧಿಯಿಂದ ಆಡಿದ ಮಾತೆಲ್ಲವೂ ಹಿತವಾದ ಮಾತಲ್ಲ. ‘ಬರಿದೆ’ ಎಂಬ ಆ ಒಂದು ಪದದಲ್ಲಿಯೇ ದೋಷವೆಲ್ಲವೂ ಅಡಗಿದೆಯೆಂಬುದನ್ನು ಸ್ಥಾಪಿಸುವುದೇ ಈ ಲೇಖನದ ಉದ್ದೇಶ.

ಮೊದಲಿಗೆ ಒಂದು ಸಂಶಯವನ್ನು ನಿವಾರಿಸುವುದು ಯುಕ್ತ. ನಾನು ಮೀನನ್ನು ತಿನ್ನದ ಮನೆಯಲ್ಲಿ ಹುಟ್ಟಿ, ಪಾಠಶಾಲೆಯಲ್ಲಿ ಓದಿ ಬೆಳೆದವನು. ಆದಕಾರಣ ಈತನು ಅಹಿಂಸೆಯ ಉಪದೇಶಕ್ಕೆ ತೊಡಗುವನೆಂದು ವಾಚಕರು ಭಾವಿಸಬಹುದು. ಹಾಗಲ್ಲ. ನೊಣದ ಗಾಳವು ಒಂದು ವಿದ್ಯೆಯೆಂದೂ, ಅದು ಸಾಮಾನ್ಯವಾದ ವಿದ್ಯೆಯಲ್ಲವೆಂದೂ ನಾನು ಒಪ್ಪುತ್ತೇನೆ. ಅಷ್ಟೇ ಅಲ್ಲ, ಆ ವಿದ್ಯೆಯ ಧರ್ಮವನ್ನು ಅದರ ಅಭಿಮಾನಿಗಳೇ ಮರೆತಿರುವರೆಂಬುದು ನನ್ನ ದೂರು.

ಆ ವಿದ್ಯೆಯ ಸ್ವರೂಪವೇನು? ಕ್ರಿ.ಶ. ೨೦೦ರ ಸುಮಾರಿನಲ್ಲಿದ್ದ ಏಲಿಯನ್ ಎಂಬ ರೋಮಕ ಗ್ರಂಥಕಾರನು, ಮಕೆದೋನಿಯಾ ದೇಶದ ಒಂದು ನದಿಯಲ್ಲಿ ಜನರು ಗಾಳಕ್ಕೆ ಕೆಂಪು ಉಣ್ಣೆಯನ್ನು ಸುತ್ತಿ, ಹುಂಜದ ಎರಡು ಗರಿಗಳನ್ನು ಕಟ್ಟಿ, ನೀರಿನ ಮೇಲೆ ಹಾರುವ ನೊಣವೊಂದನ್ನು ಅನುಕರಿಸಿ, ಚುಕ್ಕೆಯ ಮೀನನ್ನು ಹಿಡಿಯುತ್ತಿದ್ದರೆಂದು ಬರೆದಿದ್ದಾನೆ. ಇಂಗ್ಲೆಂಡಿನಲ್ಲಿ ೧೪೯೬ರಲ್ಲಿಯೇ ಈ ಕುರಿತು ಗ್ರಂಥವು ಅಚ್ಚಾಯಿತು. ೧೬೫೩ರಲ್ಲಿ ಐಸಾಕ್ ವಾಲ್ಟನ್ನನ ಪ್ರಸಿದ್ಧ ಗ್ರಂಥವು ಹೊರಟಿತು; ಅದಕ್ಕೆ ೧೬೭೬ರಲ್ಲಿ ಚಾರ್ಲ್ಸ್ ಕಾಟನ್ ಎಂಬವನು ನೊಣದ ಗಾಳದ ಭಾಗವನ್ನು ಬರೆದು ಸೇರಿಸಿದನು. ೧೮೫೭ರಲ್ಲಿ ಸ್ಟೂವರ್ಟ್ ಎಂಬ ಸ್ಕಾಟ್ಲೆಂಡಿನವನು, ಸಣ್ಣ ತೊರೆಯಲ್ಲಿ ಗಾಳ ಹಾಕುವವನು ಕೆಳಗಿನಿಂದ ಮೇಲಕ್ಕೆ ನಡೆಯಬೇಕೆಂದು ಒತ್ತಿಹೇಳಿದನು. ಅದಕ್ಕೆ ಕಾರಣವು ಸರಳವಾದುದು: ಹರಿವಿನಲ್ಲಿ ಬರುವ ಆಹಾರಕ್ಕಾಗಿ ಮೀನು ಸದಾ ಪ್ರವಾಹಕ್ಕೆ ಎದುರುಮುಖವಾಗಿ ನಿಲ್ಲುತ್ತದೆ, ಹಿಂದಿನಿಂದ ಬರುವವನನ್ನು ಅದು ಕಾಣುವುದಿಲ್ಲ.

ಬೆಟ್ಟದ ತೊರೆಯು ಅಗಲದಲ್ಲಿ ನಾಲ್ಕು ಮಾರೂ ಇರುವುದಿಲ್ಲ. ನೀರು ಸ್ಫಟಿಕದಂತೆ ತಿಳಿ, ಮೀನು ಗೇಣುದ್ದದ್ದು, ಅದು ಹಿಡಿವವನ ನೆರಳಿಗೇ ಬೆದರಿ ಕಲ್ಲಿನಡಿ ಸೇರುತ್ತದೆ. ಗಾಳದ ನೊಣಕ್ಕೆ ತೂಕವೆಂಬುದಿಲ್ಲ. ಹುರಿಯ ತೂಕವೇ ಅದನ್ನು ಒಯ್ಯಬೇಕು. ಬಂಡೆಯ ಹಿಂದಿನ ಶಾಂತವಾದ ನೀರು ಎಲ್ಲಿ, ವೇಗದ ಧಾರೆಯೂ ಮಂದವಾದ ಧಾರೆಯೂ ಸೇರುವ ಅಂಚು ಎಲ್ಲಿ, ಆ ಹೊತ್ತಿನಲ್ಲಿ ಯಾವ ಹುಳು ರೆಕ್ಕೆ ಬಲಿತು ಮೇಲೇಳುತ್ತಿದೆ ಎಂಬುದನ್ನೆಲ್ಲ ಅರಿಯದವನಿಗೆ ಮೀನು ಸಿಕ್ಕದು. ನೀರಿನಡಿಯಲ್ಲಿ ತಿಂಗಳುಗಟ್ಟಲೆ ಹುಳುವಾಗಿ ಬಾಳಿ, ರೆಕ್ಕೆ ಬಂದ ಮೇಲೆ ಬಾಯಿಂದ ಏನನ್ನೂ ತಿನ್ನಲಾರದೆ, ಒಂದೆರಡು ದಿನಗಳಲ್ಲಿಯೇ ಮೊಟ್ಟೆಯಿಟ್ಟು ಸಾಯುವ ನೊಣಗಳುಂಟು. ಮರಳು ಕಡ್ಡಿಗಳನ್ನು ಅಂಟಿಸಿ ಮೈಸುತ್ತ ಗೂಡು ಕಟ್ಟಿಕೊಳ್ಳುವ ಹುಳುಗಳುಂಟು. ಇವುಗಳಲ್ಲಿ ಒಂದೊಂದಕ್ಕೂ ಗರಿ, ರೇಷ್ಮೆ, ಮೊಲದ ತುಪ್ಪಟ ಇವುಗಳಿಂದ ಪ್ರತಿಕೃತಿಯನ್ನು ಕಟ್ಟುತ್ತಾರೆ. ನಮ್ಮ ಪಶ್ಚಿಮಘಟ್ಟದ ಬೂದು ಕಾಡುಕೋಳಿಯ ಕತ್ತಿನ ಗರಿ, ಅದರ ಮೇಲಿನ ಮೇಣದಂತಹ ಹೊಳಪಿನ ಚುಕ್ಕೆಗಾಗಿ, ಈ ಕೆಲಸಕ್ಕೆಂದೇ ಆಂಗ್ಲೇಯರ ದೇಶಕ್ಕೆ ಹೋಗುತ್ತಿತ್ತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಆ ಹಕ್ಕಿಗೆ ರಕ್ಷಣೆಯನ್ನು ಕೊಟ್ಟಿದೆ.

ಇಷ್ಟು ವಿಸ್ತರಿಸಿದುದಕ್ಕೆ ಕಾರಣವುಂಟು. ನೊಣದ ಗಾಳವೆಂಬುದು ಅನುಕರಣದ ವಿದ್ಯೆ. ಅನುಕರಣವು ಪರಿಚಯವಿಲ್ಲದೆ ಸಾಧ್ಯವಿಲ್ಲ. ಈ ತೊರೆಯಲ್ಲಿ ಯಾವ ಜೀವಿ ಉಂಟು, ಯಾವ ಋತುವಿನಲ್ಲಿ ಉಂಟು, ಅದನ್ನು ತಿನ್ನುವುದು ಯಾವುದು ಎಂದು ಕೇಳುತ್ತ ಕೇಳುತ್ತ ಬೆಳೆದ ವಿದ್ಯೆಯಿದು. ಮಕೆದೋನಿಯಾದಲ್ಲಿಯೂ ಸ್ಕಾಟ್ಲೆಂಡಿನಲ್ಲಿಯೂ ಮೀನು, ಹುಳು, ಮನುಷ್ಯ ಈ ಮೂರೂ ಸಹಸ್ರಾರು ವರ್ಷ ಒಂದೇ ನೀರಿನ ಬಂಧುಗಳು. ಅಂತಹ ವಿದ್ಯೆಯನ್ನು ಕಲಿತವರೇ ಮತ್ತೊಂದು ದೇಶದ ತೊರೆಯ ದಡಕ್ಕೆ ಬಂದೊಡನೆ ‘ಇಲ್ಲಿ ಏನುಂಟು’ ಎಂದು ಕೇಳುವುದನ್ನು ಬಿಟ್ಟು, ‘ಇಲ್ಲಿ ನಮ್ಮ ಮೀನಿಲ್ಲವಲ್ಲ’ ಎಂದು ಕೊರಗಿದರು. ವಿದ್ಯೆಯು ಕೆಟ್ಟದ್ದು ಅಲ್ಲಿಯೇ.

ನಡೆದುದನ್ನು ನೋಡಿರಿ. ೧೮೬೪ರಲ್ಲಿ ‘ನಾರ್ಫಕ್’ ಎಂಬ ಹಡಗಿನಲ್ಲಿ, ಹಾವಸೆಯಲ್ಲಿ ಸುತ್ತಿ ಮಂಜುಗಡ್ಡೆಯ ನಡುವೆ ಇರಿಸಿದ ಟ್ರೌಟ್ ಮೊಟ್ಟೆಗಳು ಇಂಗ್ಲೆಂಡಿನಿಂದ ಟಾಸ್ಮೇನಿಯಾಕ್ಕೆ ಬಂದುವು. ಅಲ್ಲಿಂದ ೧೮೬೭ರಲ್ಲಿ ನ್ಯೂಜಿಲೆಂಡಿಗೆ ಹೋದುವು. ನಮ್ಮ ದೇಶದಲ್ಲಿ, ಭಾರತದ ಮೀನುಗಳನ್ನು ಕುರಿತು ಮಹಾಗ್ರಂಥವನ್ನು ಬರೆದ ಫ್ರಾನ್ಸಿಸ್ ಡೇ ಅವರೇ ೧೮೬೦ರ ದಶಕದಲ್ಲಿ ನೀಲಗಿರಿಗೆ ಈ ಮೀನನ್ನು ತರಲು ಪ್ರಯತ್ನಿಸಿದರು, ಅದು ನಿಲ್ಲಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ವಿಲ್ಸನ್ ಎಂಬ ಅಧಿಕಾರಿಯ ಯತ್ನದಿಂದ, ಅಮೆರಿಕದ ಪಶ್ಚಿಮತೀರದ ಮೂಲದ ಮಳೆಬಿಲ್ಲಿನ ಬಣ್ಣದ ಟ್ರೌಟ್ ಅಲ್ಲಿ ನೆಲಸಿತು. ಕಾಶ್ಮೀರದಲ್ಲಿ ೧೯೦೦ರ ಸುಮಾರಿಗೆ ಬ್ರಿಟನ್ನಿನಿಂದ ಬಂದ ಕಂದು ಟ್ರೌಟ್ ನೆಲೆನಿಂತಿತು. ಭೂಮಂಡಲದ ತಣ್ಣೀರಿನ ತೊರೆಗಳಲ್ಲೆಲ್ಲ ಹೀಗೆಯೇ ಆಯಿತು.

ಇನ್ನು ಪೂರ್ವಪಕ್ಷಗಳನ್ನು ಒಂದೊಂದಾಗಿ ಪರಿಶೀಲಿಸೋಣ.

‘ಎತ್ತರದ ತೊರೆಗಳಲ್ಲಿ ಹೇಳಿಕೊಳ್ಳುವಂತಹ ಮೀನೇ ಇರಲಿಲ್ಲ; ಬರಿದಾದ ಪಾತ್ರೆಯನ್ನು ತುಂಬಿದರೆ ಯಾರಿಗೆ ನಷ್ಟ?’ ಎಂಬುದು ಮೊದಲನೆಯದು. ಇದಕ್ಕೆ ಸಮಾಧಾನ: ಗಾಳಕ್ಕೆ ಸಿಕ್ಕುವ ಮೀನಿಲ್ಲವೆಂದರೆ ಜೀವವೇ ಇಲ್ಲವೆಂದು ಅರ್ಥವಲ್ಲ. ಅಮೆರಿಕದ ಸಿಯೆರಾ ನೆವಾಡಾ ಪರ್ವತಗಳ ಮೇಲೆ, ತೊರೆಗಳು ಹುಟ್ಟುವ ಸಾವಿರಾರು ಸರೋವರಗಳಲ್ಲಿ ಮೊದಲು ಮೀನಿರಲಿಲ್ಲ. ಕೆಳಗಿನ ಜಲಪಾತಗಳನ್ನು ಹತ್ತಿ ಯಾವ ಮೀನೂ ಅಲ್ಲಿಗೆ ಹೋಗಲಾರದು. ವಿನೋದಾರ್ಥಿಗಳು ಅಲ್ಲಿಗೆ ಹೇಸರಗತ್ತೆಗಳ ಮೇಲೆ ಡಬ್ಬಗಳಲ್ಲಿ, ಆಮೇಲೆ ವಿಮಾನಗಳಿಂದಲೂ ಟ್ರೌಟ್ ಮರಿಗಳನ್ನು ಸುರಿದರು. ಆ ಸರೋವರಗಳಲ್ಲಿ ಹಳದಿ ಕಾಲಿನ ಒಂದು ಜಾತಿಯ ಕಪ್ಪೆಗಳು ಅಸಂಖ್ಯವಾಗಿದ್ದುವು. ಅವುಗಳ ಗೊದಮೊಟ್ಟೆಗಳು ಆ ಚಳಿಯಲ್ಲಿ ಕಪ್ಪೆಯಾಗಲು ಎರಡು ಮೂರು ವರ್ಷ ನೀರಿನಲ್ಲಿಯೇ ಇರಬೇಕು. ಟ್ರೌಟಿನ ಬಾಯಿಗೆ ಅದಕ್ಕಿಂತ ಸುಲಭವಾದ ತುತ್ತು ಬೇರೆ ಇಲ್ಲ. ಕಪ್ಪೆಗಳು ಹೆಚ್ಚಿನ ಕಡೆಗಳಲ್ಲಿ ನಿರ್ನಾಮವಾದುವು. ಆಮೇಲೆ ಬಂದ ಒಂದು ಶಿಲೀಂಧ್ರರೋಗವೂ ಅದಕ್ಕೆ ಕೈಗೂಡಿಸಿತೆಂಬುದು ನಿಜ. ಆದರೆ ಕೆಲವು ಸರೋವರಗಳಿಂದ ಟ್ರೌಟನ್ನು ಬಲೆಹಾಕಿ ತೆಗೆದುಹಾಕಿದಾಗ ಅಲ್ಲಿ ಕಪ್ಪೆಗಳು ಕೆಲವೇ ವರ್ಷಗಳಲ್ಲಿ ಮರಳಿ ಹೆಚ್ಚಿದುವು. ಕಾರ್ಯಕಾರಣಸಂಬಂಧಕ್ಕೆ ಇದಕ್ಕಿಂತ ಸ್ಪಷ್ಟವಾದ ಅನ್ವಯವ್ಯತಿರೇಕಗಳು ಬೇಕೆ? ಯೊಸೆಮಿಟಿ ರಾಷ್ಟ್ರೋದ್ಯಾನದಲ್ಲಿ ೧೯೯೧ರಲ್ಲಿ ಮರಿ ಬಿಡುವುದನ್ನು ನಿಲ್ಲಿಸಿದರು. ‘ಬರಿದು’ ಎಂದು ಕರೆದುದು ಕಪ್ಪೆಗಳ ಮನೆಯಾಗಿತ್ತು.

‘ಬಂದು ನೂರಾರು ವರ್ಷವಾಯಿತು, ಈಗ ಅದೂ ಅಲ್ಲಿಯದೇ’ ಎಂಬುದು ಎರಡನೆಯದು. ಬಂದವನು ಬಾಳಿದರೆ ಮನೆಯವನಾಗುವನೆಂಬುದು ಮನುಷ್ಯರಲ್ಲಿ ಸಲ್ಲುವ ಮಾತು; ಏಕೆಂದರೆ ಮನುಷ್ಯನು ಮನೆಯವರನ್ನು ನುಂಗುವುದಿಲ್ಲ. ನ್ಯೂಜಿಲೆಂಡಿನ ತೊರೆಗಳಲ್ಲಿ ಗ್ಯಾಲಕ್ಸಿಯಸ್ ಎಂಬ, ಪೊರೆಯಿಲ್ಲದ ಸಣ್ಣ ಮೀನುಗಳ ಅನೇಕ ಜಾತಿಗಳುಂಟು. ನೂರೈವತ್ತು ವರ್ಷಗಳು ಕಳೆದರೂ ಅವುಗಳಲ್ಲಿ ಕೆಲವು, ಟ್ರೌಟ್ ಹಾರಲಾರದ ಜಲಪಾತಗಳ ಮೇಲ್ಭಾಗದಲ್ಲಿ ಮಾತ್ರ ಉಳಿದುಕೊಂಡಿವೆ. ಟ್ರೌಟ್ ಇರುವ ತೊರೆಯಲ್ಲಿ ಹುಳುಗಳು ಹಗಲಿನಲ್ಲಿ ಹೊರಬರಲು ಅಂಜಿ ಕಲ್ಲಿನಡಿಯಲ್ಲಿ ಅಡಗುತ್ತವೆ. ಅವು ಮೇಯದುದರಿಂದ ಕಲ್ಲಿನ ಮೇಲೆ ಪಾಚಿ ದಟ್ಟವಾಗುತ್ತದೆ. ಒಂದು ಮೀನು ಬಂದರೆ ಕಲ್ಲಿನ ಬಣ್ಣವೂ ಬದಲಾಗುವುದು! ಆ ದೇಶದಲ್ಲಿ ಉಪೊಕೊರೊರೊ ಎಂದು ಮಾಓರಿ ಜನರು ಕರೆಯುತ್ತಿದ್ದ ಮೀನೊಂದಿತ್ತು. ೧೯೨೦ರ ದಶಕದ ಬಳಿಕ ಅದನ್ನು ಯಾರೂ ನಿಶ್ಚಯವಾಗಿ ಕಂಡಿಲ್ಲ. ಕಾಡು ಕಡಿದುದೇ ಮೊದಲಾದ ಕಾರಣಗಳ ಜೊತೆಗೆ ಟ್ರೌಟನ್ನೂ ಅದಕ್ಕೆ ಕಾರಣವಾಗಿ ಎಣಿಸುತ್ತಾರೆ. ಅದಕ್ಕೆ ಕಾಯಿದೆಯ ರಕ್ಷಣೆ ದೊರೆತುದು ೧೯೫೧ರಲ್ಲಿ. ಶವಕ್ಕೆ ಔಷಧಿಯನ್ನು ಕೊಟ್ಟಂತೆ.

ನಮ್ಮ ಶಾಸ್ತ್ರಗಳಲ್ಲಿ ಮತ್ಸ್ಯನ್ಯಾಯವೆಂಬ ಮಾತುಂಟು. ದೊಡ್ಡ ಮೀನು ಚಿಕ್ಕದನ್ನು ನುಂಗುವಂತೆ ಬಲಿಷ್ಠನು ದುರ್ಬಲನನ್ನು ನುಂಗದಿರಲೆಂದೇ ರಾಜದಂಡವು ಹುಟ್ಟಿತೆಂದು ದಂಡನೀತಿಯವರು ಹೇಳುತ್ತಾರೆ. ತೊರೆಯ ಮೀನುಗಳಲ್ಲಿಯೂ ಅವುಗಳದೇ ಆದ ಒಂದು ಒಪ್ಪಂದವುಂಟು; ಅವು ಲಕ್ಷಾಂತರ ವರ್ಷಗಳಿಂದ ಒಂದನ್ನೊಂದು ತಿಂದೂ ಉಳಿದಿವೆ. ಹೊರಗಿನಿಂದ ಹೊಸ ಹಸಿವೊಂದನ್ನು ತಂದು ಆ ಒಪ್ಪಂದವನ್ನು ಮುರಿಯುವವರು ನಾವು. ದಂಡವನ್ನು ಹಿಡಿಯಬೇಕಾದವನೇ ಮತ್ಸ್ಯನ್ಯಾಯವನ್ನು ಡಬ್ಬದಲ್ಲಿ ಹೊತ್ತುತಂದರೆ ಹೇಳತಕ್ಕದ್ದೇನು?

‘ಬಡವರ ಜೀವನೋಪಾಯಕ್ಕೆ ದಾರಿಯಾಗುವುದು’ ಎಂಬುದು ಮೂರನೆಯದು. ಇದೇ ಗೌರವಕ್ಕೆ ಅರ್ಹವಾದ ವಾದ. ಆದರೆ ಕಾಶ್ಮೀರದಲ್ಲಿಯೂ ಹಿಮಾಚಲದಲ್ಲಿಯೂ ರೈತರು ತೊರೆಯ ನೀರನ್ನು ಕಾಲುವೆಯಂತಹ ಕಟ್ಟಿದ ತೊಟ್ಟಿಗಳಿಗೆ ತಿರುಗಿಸಿ ಟ್ರೌಟನ್ನು ಸಾಕಿ ಮಾರುತ್ತಿರುವರು. ತೊಟ್ಟಿಯ ಬಾಯಿಗೆ ಬಿಗಿಯಾದ ಜಾಲರಿಯನ್ನು ಹಾಕಿ, ಅದನ್ನು ಕಾಯ್ದರೆ ರೈತನೂ ಬದುಕುವನು, ತೊರೆಯೂ ಬದುಕುವುದು. ಹಸು ಸಾಕುವುದಕ್ಕಾಗಿ ಅದನ್ನು ಪರರ ಪೈರಿಗೆ ಬಿಡಬೇಕೆಂದು ಯಾರೂ ಹೇಳುವುದಿಲ್ಲ. ನಮ್ಮ ಘಟ್ಟದ ಬಹುಪಾಲು ತೊರೆಗಳ ಮಾತು ಹಾಗಿರಲಿ. ಟ್ರೌಟಿಗೆ ನೀರಿನ ಶಾಖವು ೨೦ ಡಿಗ್ರಿಯ ಒಳಗಿದ್ದರೇ ಸುಖ, ೨೫ ದಾಟಿದರೆ ಪ್ರಾಣಸಂಕಟ. ಬೇಸಗೆಯಲ್ಲಿ ಸಾಯುವ ಮರಿಗಳನ್ನು ವರ್ಷವರ್ಷವೂ ಸುರಿಯುವುದು ಯಾವ ಬಡವನಿಗೆ ಉಪಕಾರವೋ ತಿಳಿಯದು.

‘ಹಾಗಾದರೆ ಗಾಳದ ವಿನೋದವೇ ಬೇಡವೆನ್ನಿರಿ’ ಎಂಬುದು ನಾಲ್ಕನೆಯದು. ಬೇಡವೆನ್ನುವುದಿಲ್ಲ. ಅಮೆರಿಕದ ಪೂರ್ವಭಾಗದ ಗ್ರೇಟ್ ಸ್ಮೋಕಿ ಪರ್ವತಗಳಲ್ಲಿ ಅಲ್ಲಿಯದೇ ಆದ ಬುಗ್ಗೆಯ ಟ್ರೌಟ್ ಒಂದುಂಟು. ಪಶ್ಚಿಮದಿಂದ ತಂದ ಮಳೆಬಿಲ್ಲಿನ ಟ್ರೌಟ್ ಅದನ್ನು ತೊರೆಗಳ ನೆತ್ತಿಗೆ ಅಟ್ಟಿತು. ೧೯೭೦ರ ದಶಕದಲ್ಲಿ ಉದ್ಯಾನದವರು ಹೊರಗಿನ ಮರಿ ಬಿಡುವುದನ್ನು ನಿಲ್ಲಿಸಿ, ಮುಂದೆ ಕೆಲವು ತೊರೆಗಳಿಂದ ಬಂದ ಮೀನನ್ನು ತೆಗೆದು, ಮನೆಯ ಮೀನಿಗೆ ಮನೆಯನ್ನು ಬಿಡಿಸಿಕೊಟ್ಟರು. ಈ ಕಾರ್ಯದಲ್ಲಿ, ೧೯೫೯ರಲ್ಲಿ ನೊಣದ ಗಾಳದವರೇ ಕಟ್ಟಿಕೊಂಡ ಟ್ರೌಟ್ ಅನ್‌ಲಿಮಿಟೆಡ್ ಎಂಬ ಸಂಘದವರು ಹೆಗಲು ಕೊಟ್ಟರು. ತಮ್ಮ ವಿದ್ಯೆಯ ಧರ್ಮವನ್ನು ಅರಿತವರ ನಡತೆಯಿದು. ಇಂಥವರ ಗಾಳಕ್ಕೆ ನನ್ನ ನಮಸ್ಕಾರವುಂಟು.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಗಾಳದ ವಿದ್ಯೆಯು ಆಂಗ್ಲೇಯರು ಕೊಟ್ಟ ಕಾಣಿಕೆಯೆಂದು ನಂಬಿರುವವರು, ಕಲ್ಯಾಣದಲ್ಲಿ ಆಳಿದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನನ್ನು ಮರೆತಿದ್ದಾರೆ. ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಆತನ ಹೆಸರಿನಲ್ಲಿ ರಚಿತವಾದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗವುಂಟು. ಸುಂದರಲಾಲ್ ಹೋರಾ ಎಂಬ ಮತ್ಸ್ಯಶಾಸ್ತ್ರಜ್ಞರು ೧೯೫೧ರಲ್ಲಿ ಅದನ್ನು ಕುರಿತು ಪ್ರಬಂಧವನ್ನು ಪ್ರಕಟಿಸಿದ ಮೇಲೆ ಅದರ ಕೀರ್ತಿಯು ವಿದ್ವಾಂಸರಲ್ಲಿ ಹಬ್ಬಿತು. ಕೋಲು ಎಂಥದಿರಬೇಕು, ಹುರಿ ಎಂಥದಿರಬೇಕು, ಯಾವ ಮೀನಿಗೆ ಯಾವ ಆಹಾರ ಎಂಬುದೆಲ್ಲ ಅಲ್ಲಿ ಉಂಟು. ಆದರೆ ನನ್ನ ಮನಸ್ಸನ್ನು ಸೆಳೆಯುವುದು ಬೇರೊಂದು. ಆ ರಾಜನು ಮೊದಲು ಮೀನುಗಳನ್ನು ಹೆಸರಿಸುತ್ತಾನೆ. ಸುಮಾರು ೩೫ ಬಗೆಯ ಮೀನುಗಳನ್ನು, ಕಡಲಿನವು ಯಾವುವು ಹೊಳೆಯವು ಯಾವುವು, ಪೊರೆಯುಳ್ಳವು ಯಾವುವು ಇಲ್ಲದವು ಯಾವುವು ಎಂದು ವಿಂಗಡಿಸಿದ ಬಳಿಕವೇ ಗಾಳದ ಮಾತು. ಗುರುತಿಸಿ ಹೆಸರಿಡುವುದು ಮೊದಲು, ವಿನೋದವು ಆಮೇಲೆ. ಈ ಕ್ರಮವೇ ಕ್ರಮ.

ಇದನ್ನು ತಲೆಕೆಳಗು ಮಾಡಿದವರ ಭಾಷೆಯನ್ನು ನೋಡಿರಿ. ಹಿಮಾಲಯದ ತೊರೆಗಳಲ್ಲಿ ಅನಾದಿಯಿಂದ ಇದ್ದ, ಕೆಲವೆಡೆ ಅಸಲ ಎಂದು ಕರೆಯುವ ಮೀನಿಗೆ ಆಂಗ್ಲೇಯರು ‘ಹಿಮದ ಟ್ರೌಟ್’ ಎಂದು ಹೆಸರಿಟ್ಟರು. ಅದು ಟ್ರೌಟಿನ ಕುಲದ್ದೇ ಅಲ್ಲ, ಗೆಂಡೆಯ ಕುಲದ್ದು. ನಮ್ಮ ದೇವರ ಮೀನಿಗೆ, ಎಂದರೆ ಮಹಶೀರಿಗೆ, ‘ಭಾರತದ ಸಾಲ್ಮನ್’ ಎಂದರು. ಮನೆಯ ಯಜಮಾನನನ್ನು ನೆಂಟನ ಹೆಸರಿನಿಂದ ಕರೆಯುವುದೆಂದರೆ ಇದೇ. ಹೆಸರು ಹೋದ ಮೇಲೆ ಹಕ್ಕು ಹೋಗುವುದಕ್ಕೆ ಎಷ್ಟು ಹೊತ್ತು?

ಇದು ಬರಿಯ ಶಬ್ದಪಂಡಿತನ ಕೊರಗೆಂದು ನಗುವವರಿಗೆ ನಮ್ಮ ಕಾವೇರಿಯೇ ಉತ್ತರವನ್ನು ಕೊಡುತ್ತಾಳೆ. ಕಾವೇರಿಯಲ್ಲಿಯೂ ಅವಳ ಉಪನದಿಗಳಲ್ಲಿಯೂ ಮಾತ್ರ ಇರುವ, ಬೆನ್ನುಬ್ಬಿದ ಒಂದು ಮಹಶೀರ್ ಉಂಟು. ೧೯೪೬ರಲ್ಲಿ ಮೈಸೂರಿನ ವಾನ್ ಇಂಗೆನ್ ಕುಟುಂಬದ ಒಬ್ಬರು ಕಪಿಲಾ ನದಿಯಲ್ಲಿ ೧೨೦ ಪೌಂಡಿನ ಮೀನನ್ನು ಗಾಳದಿಂದ ಹಿಡಿದರು; ಅಂತಹ ಮೀನಿನ ಕೀರ್ತಿ ಲೋಕಕ್ಕೆಲ್ಲ ಹಬ್ಬಿತ್ತು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಮೀನುಗಳು ಕಡಮೆಯಾದುವೆಂದು, ಸದುದ್ದೇಶದಿಂದಲೇ, ಲೋಣಾವಳದಲ್ಲಿ ಹುಟ್ಟಿಸಿದ ನೀಲಿ ರೆಕ್ಕೆಯ ಮಹಶೀರಿನ ಮರಿಗಳನ್ನು ಕಾವೇರಿಗೆ ಬಿಟ್ಟರು. ಆ ಜಾತಿಯನ್ನು ಸೈಕ್ಸ್ ಎಂಬವರು ೧೮೩೯ರಲ್ಲಿ ವರ್ಣಿಸಿದ್ದು ಪುಣೆಯ ಕಡೆಯ ಹೊಳೆಯಿಂದ. ಅದು ಕೃಷ್ಣೆಯ ಬಳಗದ್ದು, ಕಾವೇರಿಯದಲ್ಲ. ಎರಡಕ್ಕೂ ‘ಮಹಶೀರ್’ ಎಂಬ ಒಂದೇ ಹೆಸರು. ಎಣಿಸುವವರು ಒಟ್ಟಿಗೆ ಎಣಿಸಿದರು, ಲೆಕ್ಕದಲ್ಲಿ ಮೀನು ಹೆಚ್ಚಿತು, ಎಲ್ಲರೂ ಸಂತೋಷಪಟ್ಟರು. ಆ ಹೆಚ್ಚಳದ ಮರೆಯಲ್ಲಿ ಬೆನ್ನುಬ್ಬಿದ ಮೀನು ಸದ್ದಿಲ್ಲದೆ ಕಾಣೆಯಾಗುತ್ತ ಬಂದಿತು. ೧೯೯೮ರಿಂದ ೨೦೧೨ರವರೆಗೆ ಹಿಡಿದು ಬಿಡುತ್ತಿದ್ದ ಗಾಳದವರು ಬರೆದಿಟ್ಟ ದಾಖಲೆಗಳನ್ನು ವಿಜ್ಞಾನಿಗಳು ಬೇರ್ಪಡಿಸಿ ನೋಡಿದಾಗ ಈ ಸಂಗತಿಯು ೨೦೧೫ರಲ್ಲಿ ಬಯಲಾಯಿತು. ಅದಕ್ಕೆ ಸರಿಯಾದ ಶಾಸ್ತ್ರೀಯ ನಾಮವು, ಟಾರ್ ರೆಮದೇವಿ ಎಂದು, ನಿಶ್ಚಯವಾದುದು ೨೦೧೮ರಲ್ಲಿ. ಅಷ್ಟರಲ್ಲಿ ಅದು ತೀವ್ರವಾದ ವಿನಾಶಭಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರತಕ್ಕ ಸ್ಥಿತಿಗೆ ಬಂದಿತ್ತು. ಅಣೆಕಟ್ಟು, ಮರಳುಗಣಿ, ಸಿಡಿಮದ್ದು ಇವುಗಳ ಪಾಪವೂ ಅದರಲ್ಲಿ ಉಂಟು. ಆದರೆ ಆ ಪಾಪವನ್ನು ನಮ್ಮ ಕಣ್ಣಿನಿಂದ ಮರೆಮಾಡಿದುದು ಹೊರಗಿನಿಂದ ತಂದು ಬಿಟ್ಟ ಮೀನು ಮತ್ತು ಎರಡಕ್ಕೂ ಹಾಕಿದ ಒಂದೇ ಹೆಸರು.

ಒಬ್ಬ ಮಗುವನ್ನು ಕಳೆದುಕೊಂಡ ತಾಯಿಗೆ ಬೇರೊಂದು ಮಗುವನ್ನು ತೋರಿಸಿ, ‘ಲೆಕ್ಕ ಸರಿಯಾಯಿತಲ್ಲ’ ಎನ್ನುವವನನ್ನು ಏನೆಂದು ಕರೆಯುವೆವೋ, ತೊರೆಗೆ ಪರದೇಶದ ಮರಿಯನ್ನು ಸುರಿದು ‘ತುಂಬಿತಲ್ಲ’ ಎನ್ನುವವನನ್ನೂ ಹಾಗೆಯೇ ಕರೆಯಬೇಕು.

ಆದಕಾರಣ ನನ್ನ ಸಿದ್ಧಾಂತವಿಷ್ಟು. ನೀಲಗಿರಿಯಲ್ಲಿಯೂ ಕಾಶ್ಮೀರದಲ್ಲಿಯೂ ನೆಲೆನಿಂತ ಟ್ರೌಟನ್ನು ನಾಳೆಯೇ ಕೊಲ್ಲಬೇಕೆಂದು ನಾನು ಹೇಳುವುದಿಲ್ಲ. ಅಲ್ಲಿಯ ಗಾಳದವರು ಹಿಡಿಯಲಿ, ಹಿಡಿದುದನ್ನು ತಿನ್ನಲಿ. ಆದರೆ ಅದು ಇನ್ನೂ ಹೋಗದ ತೊರೆಗೆ ಒಂದು ಮರಿಯೂ ಹೋಗಕೂಡದು. ಜಲಪಾತದ ಮೇಲ್ಗಡೆಯ ನೀರಿಗಂತೂ ಎಂದಿಗೂ ಹೋಗಕೂಡದು. ಯಾವ ಜಾತಿಯ ಮೀನೇ ಆಗಲಿ, ಆ ಹೊಳೆಯದೇ ಎಂದು ಬಲ್ಲವರು ಹೇಳುವವರೆಗೆ, ಪುಣ್ಯಕ್ಕಾಗಿಯೂ ಬಿಡಕೂಡದು, ವಿನೋದಕ್ಕಾಗಿಯೂ ಬಿಡಕೂಡದು.

ಸಾಹಿತ್ಯದ ಪತ್ರಿಕೆಯಲ್ಲಿ ಮೀನಿನ ಮಾತೇಕೆಂದು ಕೇಳುವ ಮಹನೀಯರಿಗೆ ಕೊನೆಯ ಉತ್ತರ. ನಮ್ಮ ತೊರೆಯ ಕಲ್ಲುಗಳಿಗೆ ಕಚ್ಚಿಕೊಂಡಿರುವ ಬೆರಳುದ್ದದ ಮೀನುಗಳಿಗೆ, ಗೊದಮೊಟ್ಟೆಗಳಿಗೆ, ನೀರಹುಳುಗಳಿಗೆ ಬೆಸ್ತರ ಮನೆಗಳಲ್ಲಿ, ಗದ್ದೆಯಂಚಿನ ಹುಡುಗರ ಬಾಯಲ್ಲಿ ಹೆಸರುಗಳುಂಟು. ಊರಿಗೊಂದು ಹೆಸರು, ಹೊಳೆಗೊಂದು ಹೆಸರು. ಅವು ನಿಘಂಟುಗಳಲ್ಲಿ ಸೇರಿಲ್ಲ. ಹೇಳುವ ಮುದುಕರು ಹೋದರೆ ಅವೂ ಹೋಗುವುವು. ಹೆಸರಿಲ್ಲದ ಮೀನಿರುವ ತೊರೆಯೇ ನಾಳೆ ‘ಬರಿದಾದ ತೊರೆ’ಯೆಂದು ಸರ್ಕಾರದ ಕಾಗದದಲ್ಲಿ ಬರೆಯಲ್ಪಡುವುದು, ಆಮೇಲೆ ಡಬ್ಬ ಬರುವುದು. ಈ ಹೆಸರುಗಳನ್ನು ಕೇಳಿ, ಮೀನನ್ನು ಕಣ್ಣಾರೆ ಕಂಡು, ಯಾವ ಹೊಳೆಯದು, ಯಾವ ತಿಂಗಳಿನದು ಎಂದು ಬರೆದಿಡುವುದು ಸಾಹಿತ್ಯಸಂಘದ ಕೆಲಸವಲ್ಲದೆ ಮತ್ತಾರ ಕೆಲಸ? ಚಕ್ರವರ್ತಿಯೊಬ್ಬನು ತನ್ನ ಘನತೆಗೆ ಕುಂದೆಂದು ಭಾವಿಸದ ಕೆಲಸವನ್ನು ನಮ್ಮ ಸಂಘವೂ ನಮ್ಮ ಶಾಲೆಗಳ ಉಪಾಧ್ಯಾಯರೂ ಈ ಮಳೆಗಾಲ ಮುಗಿದೊಡನೆ ಕೈಗೊಳ್ಳಲಿ. ತೊರೆಗೆ ಮೀನನ್ನು ತಂದು ಬಿಡುವ ಉತ್ಸಾಹವುಳ್ಳವರು, ಮೊದಲು ಅಲ್ಲಿರುವ ಹತ್ತು ಮೀನುಗಳ ಹೆಸರನ್ನು ಕನ್ನಡದಲ್ಲಿ ಹೇಳಿ ಬರಲಿ. ಹೇಳಲಾರದವರಿಗೆ ಆ ತೊರೆಯ ಮೇಲೆ ಅಧಿಕಾರವಿಲ್ಲ.